ನಂದಿದುರ್ಗ ಮೇಕೆ: ಬೀಜದ ಹೋತ ಊರಿನಲ್ಲೇ ಉಳಿಯಲಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬಕ್ರೀದ್ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾ ಮೈದಾನದಲ್ಲಿ ನೆರೆಯುವ ಕುರಿ-ಮೇಕೆಗಳ ಸಂತೆಯನ್ನು ತಮ್ಮಲ್ಲಿ ಅನೇಕರು ಬಲ್ಲರು. ಎತ್ತರ, ಮೈಕಟ್ಟು, ಬಣ್ಣಗಳನ್ನು ನೋಡಿ ಬೆಲೆ ಕಟ್ಟುವ ಆ ಸಂತೆಯಲ್ಲಿ ಹಿಂಡಿನ ಅತ್ಯುತ್ತಮ ಹೋತಕ್ಕೇ ಹೆಚ್ಚಿನ ಬೆಲೆ. ಅದು ಸಾಕಿದವನಿಗೆ ನ್ಯಾಯವಾಗಿ ಸಲ್ಲಬೇಕಾದ ಆದಾಯ. ಆದರೆ ಬೇಗ ಬೆಳೆದ ಹೋತಗಳೆಲ್ಲ ವರ್ಷವರ್ಷವೂ ಊರು ಬಿಟ್ಟರೆ, ಹಿಂದುಳಿದ ಬಡಕಲು ಹೋತವೇ ಮುಂದಿನ ಮರಿಗಳಿಗೆ ತಂದೆಯಾಗುತ್ತದೆ. ಇದು ಬಿತ್ತನೆಯ ರಾಗಿಯನ್ನು ಮಾರಿ ಜೊಳ್ಳನ್ನು ಬಿತ್ತಿದಂತೆ.

ನಮ್ಮ ಬಯಲುಸೀಮೆಯ ನಂದಿದುರ್ಗ ಮೇಕೆಯು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ಪ್ರತ್ಯೇಕ ತಳಿಯಾಗಿ ನೋಂದಣಿಯಾಗಿದೆ. ಬೀದರಿನ ಕಪ್ಪು ಬಿದರಿ ಮೇಕೆಗೂ ಈ ಮಾನ್ಯತೆ ದೊರೆತಿದೆ. ನಂದಿದುರ್ಗದ ಮೈಬಣ್ಣ ಪ್ರಧಾನವಾಗಿ ಬಿಳಿ. ಮಾಂಸಕ್ಕಾಗಿಯೇ ಸಾಕುವ ಈ ಮೇಕೆಯು ಜಾಲಿ, ಎಲಚಿಯಂತಹ ಮುಳ್ಳುಪೊದೆಗಳ ಸೊಪ್ಪನ್ನೇ ಮೇಯ್ದು, ಬಿಸಿಲನ್ನು ತಾಳಿ ಬದುಕುತ್ತದೆ. ಭೂಮಿಯಿಲ್ಲದ ಕುಟುಂಬಕ್ಕೆ ಇದು ಕಷ್ಟಕಾಲದ ಉಳಿತಾಯ. ಈ ತಾಳಿಕೆಯು ಹೊರಗಿನಿಂದ ತಂದ ದೊಡ್ಡ ಮೈಯ ತಳಿಗಳಲ್ಲಿ ಇದೇ ಮೇವಿನ ಮೇಲೆ ದೊರೆಯುವ ಭರವಸೆಯಿಲ್ಲ.

ಆದುದರಿಂದ ಪಂಚಾಯಿತಿಗಳು ಮೂರು ಕಾರ್ಯಗಳನ್ನು ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

ಮೊದಲನೆಯದು, ಹೋತದ ಆಯ್ಕೆ. ಬಕ್ರೀದ್ ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ, ಹಬ್ಬಕ್ಕೆ ಮೂರು ತಿಂಗಳು ಮೊದಲೇ ಪಶುವೈದ್ಯರೊಡನೆ ಹಿಂಡುಗಳನ್ನು ಪರಿಶೀಲಿಸಬೇಕು. ಅವಳಿ ಮರಿಗಳನ್ನು ಈದು, ಎರಡನ್ನೂ ಹಾಲೂಡಿಸಿ ಬೆಳೆಸಿದ ತಾಯಿಯ ಮಗನನ್ನೇ ಆರಿಸಬೇಕು. 25ರಿಂದ 30 ಹೆಣ್ಣು ಮೇಕೆಗಳಿಗೆ ಒಂದು ಹೋತ ಸಾಕು. ಆ ಒಡೆಯನು ಹಬ್ಬದ ಬೆಲೆಯನ್ನು ತ್ಯಜಿಸಬೇಕೆಂದು ಕೇಳುವುದು ನ್ಯಾಯವಲ್ಲ. ಗ್ರಾಮಸಭೆಯ ಒಪ್ಪಿಗೆಯೊಡನೆ ಸಾಕಣೆದಾರರೆಲ್ಲರೂ ವಂತಿಗೆ ಹಾಕಿ ಆ ಹೋತವನ್ನು ಕೊಳ್ಳಬಹುದು.

ಎರಡನೆಯದು, ವಿನಿಮಯ. ಎರಡು ವರ್ಷಗಳೊಳಗೆ ಹೋತದ ಹೆಣ್ಣುಮರಿಗಳೇ ಗಬ್ಬಕ್ಕೆ ಬರುತ್ತವೆ. ತಂದೆ-ಮಗಳ ಕೂಡುವಿಕೆಯಿಂದ ಮರಿಗಳು ದುರ್ಬಲವಾಗುತ್ತವೆ. ಆದ್ದರಿಂದ ನೆರೆಯ ಪಂಚಾಯಿತಿಯೊಡನೆ ಹೋತವನ್ನು ಬದಲಾಯಿಸಿಕೊಳ್ಳಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಪರಸ್ಪರ ನಂಬಿಕೆಯೊಂದೇ ಬೇಕು. ಆಯ್ಕೆಯಾಗದ ಹೋತಗಳಿಗೆ ಎಳೆಯ ವಯಸ್ಸಿನಲ್ಲೇ ಬೀಜ ಒಡೆಸಿದರೆ ಅವು ಹಿಂಡನ್ನು ಕೆಡಿಸುವುದಿಲ್ಲ.

ಮೂರನೆಯದು, ಗೋಮಾಳ ಮತ್ತು ಲಸಿಕೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಂತೆ ಮೇವಿಗೆ ಮೀಸಲಿಟ್ಟ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಮಂಜೂರಾತಿ ಬೇಕು. ಇಂತಹ ಪ್ರಸ್ತಾವ ಬಂದಾಗ, ಮೇಕೆ ಕಾಯುವವರ ಮಾತನ್ನೂ ಗ್ರಾಮಸಭೆಯಲ್ಲಿ ದಾಖಲಿಸಬೇಕು. ಹಿಂಡನ್ನೇ ಬರಿದು ಮಾಡುವ ಪಿಪಿಆರ್ ರೋಗಕ್ಕೆ ಲಸಿಕೆಯಿದೆ. ಸಂತೆಯಲ್ಲಿ ಮಾರಾಟವಾಗದೆ ಮರಳಿದ ಅಥವಾ ಅಲ್ಲಿಂದ ಕೊಂಡುತಂದ ಮೇಕೆಯನ್ನು ಮೂರು ವಾರ ಹಿಂಡಿನಿಂದ ದೂರ ಕಟ್ಟುವಂತೆ ಡಂಗುರ ಸಾರಿಸಬೇಕು.

ಹಬ್ಬದ ಸಂತೆಗೆ ನಮ್ಮ ಹೋತಗಳು ಹೋಗಲಿ, ಒಳ್ಳೆಯ ಬೆಲೆ ತರಲಿ. ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಪ್ರತಿ ಊರೂ ತನಗಾಗಿ ಉಳಿಸಿಕೊಳ್ಳಲಿ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ.