ಲ್ಯಾಟಿನ್ನಿನ ದಿನಬಳಕೆ

ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಹಿರಿಯ ಪಾದ್ರಿಯೊಬ್ಬರಿಂದ ಎರಡು ವರ್ಷ ಲ್ಯಾಟಿನ್ ಕಲಿತೆ. ಕನ್ನಡ ಎಂ.ಎ.ಗೆ ಹೊರಟವನಿಗೆ ಇದೇಕೆಂದು ಗೆಳೆಯರು ನಕ್ಕರು. ಆ ಭಾಷೆ ಬುದ್ಧಿಯನ್ನು ಮಸೆಯುತ್ತದೆಂಬ ದೊಡ್ಡ ಮಾತು ಇಲ್ಲಿ ಬೇಡ. ನನಗೆ ದಕ್ಕಿದ್ದು ಸಣ್ಣ ಲಾಭಗಳು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಹೆಸರುಗಳಲ್ಲಿ ನಮ್ಮ ಸಪ್ತ, ಅಷ್ಟ, ನವ, ದಶಗಳ ದಾಯಾದಿಗಳೇ ಅಡಗಿದ್ದಾರೆ. ರೋಮನ್ನರ ಹಳೆಯ ವರ್ಷ ಮಾರ್ಚಿಯಲ್ಲಿ ಮೊದಲಾಗುತ್ತಿತ್ತು. ಆದುದರಿಂದಲೇ ಒಂಬತ್ತನೆಯ ತಿಂಗಳು ಇಂದಿಗೂ ಏಳರ ಹೆಸರನ್ನು ಹೊತ್ತಿದೆ.

ವೈದ್ಯರ ಚೀಟಿಯ ವಿಷಯ ಇಷ್ಟು ಹಗುರವಲ್ಲ, ಕೇಳುಗರೇ. ಅಲ್ಲಿನ ‘ಬಿ.ಡಿ.’ ಎಂದರೆ ‘ಬಿಸ್ ಇನ್ ದಿಯೆ’, ದಿನಕ್ಕೆ ಎರಡು ಬಾರಿ. ‘ಎ.ಸಿ.’ ಎಂದರೆ ‘ಆಂತೆ ಚಿಬುಮ್’, ಊಟಕ್ಕೆ ಮೊದಲು, ‘ಪಿ.ಸಿ.’ ಎಂದರೆ ‘ಪೋಸ್ತ್ ಚಿಬುಮ್’, ಊಟದ ಅನಂತರ. ‘ಚಿಬುಸ್’ ಎಂದರೆ ಆಹಾರ, ‘ಚಿಬುಮ್’ ಅದರ ದ್ವಿತೀಯಾ ವಿಭಕ್ತಿ. ಶಬ್ದಮಣಿದರ್ಪಣವನ್ನು ಓದಿದವನಿಗೆ ಇದು ಪರಕೀಯವೆನಿಸಲಿಲ್ಲ. ನೆರೆಮನೆಯ ಹಿರಿಯರೊಬ್ಬರು ‘ಎ.ಸಿ.’ ಎಂದು ಬರೆದಿದ್ದ ಗುಳಿಗೆಯನ್ನು ತಿಂಗಳುಗಟ್ಟಲೆ ಊಟವಾದ ಮೇಲೆ ನುಂಗುತ್ತಿದ್ದರು. ಚೀಟಿ ಓದಿ ಹೇಳಿದೆ; ಅವರು ವೈದ್ಯರನ್ನೂ ಕೇಳಿ ಖಚಿತಪಡಿಸಿಕೊಂಡರು. ಈಗ ಹೊಸ ಚೀಟಿ ಬಂದಾಗಲೆಲ್ಲ ಅಂಗಡಿಗೆ ಹೋಗುವ ಮೊದಲು ನಮ್ಮ ಜಗಲಿಗೆ ಬರುತ್ತಾರೆ.