ಮಾಳಿಗೆಯ ಮೇಲಿನ ನೀರು, ಬೀದಿಯವರ ಉಸಿರು

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಇಂದು ನ್ಯೂಯಾರ್ಕ್ ನಗರದ ಒಂದು ವಿಚಾರ ಹೇಳಲು ನಿಂತಿದ್ದೇನೆ. ಅಷ್ಟು ದೂರದ ಮಾತು ನಮಗೇಕೆ ಎಂದು ಕೇಳಬಹುದು. ಗಾಳಿಯನ್ನು ಕೆಡಿಸುವವರು ಯಾರು, ಅದನ್ನು ಉಸಿರಾಡುವವರು ಯಾರು ಎಂಬ ಪ್ರಶ್ನೆ ಹತ್ತಿಯ ಧೂಳಿನಲ್ಲಿ ದುಡಿಯುವ ನಿಮಗೆ ಹೊಸದೇನಲ್ಲವಷ್ಟೆ.

ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಯಂತ್ರ ಒಳಗಿನ ಬಿಸಿಯನ್ನು ನೀರಿಗೆ ಕೊಡುತ್ತದೆ. ಆ ನೀರನ್ನು ಆರಿಸಲು ಮಾಳಿಗೆಯ ಮೇಲೆ ಕೂಲಿಂಗ್ ಟವರ್ ಇಡುತ್ತಾರೆ. ನೀರು ಹನಿಹನಿಯಾಗಿ ಕೆಳಗೆ ಬೀಳುತ್ತದೆ, ಫ್ಯಾನು ಗಾಳಿಯನ್ನು ಎಳೆಯುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಬಿಸಿಯೊಂದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳೂ ಹೊರಬೀಳುತ್ತವೆ. ಟವರಿನ ನೀರು ಉಗುರುಬೆಚ್ಚಗಿರುವುದರಿಂದ, ಪಾಚಿ ಲೋಳೆ ಕಟ್ಟಿದ ಕಡೆ ಲೀಜಿಯೊನೆಲ್ಲ ಎಂಬ ರೋಗಾಣು ಸುಖವಾಗಿ ಬೆಳೆಯುತ್ತದೆ. ಹನಿಯ ಬೆನ್ನೇರಿ ಬೀದಿಗಿಳಿದು ದಾರಿಹೋಕನ ಶ್ವಾಸಕೋಶ ಸೇರುತ್ತದೆ. ಎರಡು ದಿನಕ್ಕೋ ಹದಿನಾಲ್ಕು ದಿನಕ್ಕೋ ಜ್ವರ, ಕೆಮ್ಮು, ನ್ಯುಮೋನಿಯ. ಬೀಡಿ ಸೇದುವವರಿಗೆ, ಐವತ್ತು ದಾಟಿದವರಿಗೆ, ಎದೆ ಮೊದಲೇ ಕೆಟ್ಟವರಿಗೆ ಅಪಾಯ ಹೆಚ್ಚು. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. ಬೇರೆ ಔಷಧಿಗಳಿವೆ, ಆದರೆ ಬೇಗ ಕೊಡಬೇಕು.

ಈ ರೋಗಕ್ಕೆ ಹೆಸರು ಬಂದದ್ದು 1976ರಲ್ಲಿ, ಫಿಲಡೆಲ್ಫಿಯದ ಹೋಟೆಲೊಂದರಲ್ಲಿ ನೆರೆದಿದ್ದ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದವರು ಕಾಯಿಲೆ ಬಿದ್ದಾಗ. ರೋಗಾಣು ಸಿಕ್ಕಿದ್ದು ಮುಂದಿನ ವರ್ಷ, ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಹುಡುಕಿದ ಮೇಲೆ.

ಕಾರಣ ತಿಳಿದ ಮೇಲೆ ಕಾನೂನು ಬಂದಿರಬೇಕಲ್ಲವೇ? ಇಲ್ಲ. 2015ರ ಬೇಸಗೆಯಲ್ಲಿ ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸ್‌ನಲ್ಲಿ 138 ಮಂದಿ ಕಾಯಿಲೆ ಬಿದ್ದು 16 ಮಂದಿ ಸತ್ತರು. ಅದು ಬಡವರ ಕೇರಿ. ಒಂದು ಹೋಟೆಲಿನ ಟವರಿನಿಂದ ರೋಗ ಹಬ್ಬಿತ್ತು. ನಾಚಿಕೆಯ ಸಂಗತಿಯೆಂದರೆ, ಊರಿನಲ್ಲಿ ಎಷ್ಟು ಟವರುಗಳಿವೆ, ಎಲ್ಲಿವೆ ಎಂಬ ಪಟ್ಟಿಯೇ ನಗರಾಡಳಿತದ ಬಳಿ ಇರಲಿಲ್ಲ! ನಮ್ಮ ಪೇಟೆಯಲ್ಲಿ ತಕ್ಕಡಿಗೂ ಮುದ್ರೆ ಬೇಕು. ಅಲ್ಲಿ ಊರಿಗೇ ಹನಿ ಎರಚುವ ಯಂತ್ರಕ್ಕೆ ಲೆಕ್ಕವಿಲ್ಲ.

ಹೆಣಗಳು ಬಿದ್ದ ಮೇಲೆ ಅದೇ ಆಗಸ್ಟಿನಲ್ಲಿ ಕಾನೂನಾಯಿತು. ಪ್ರತಿ ಟವರನ್ನೂ ನೋಂದಾಯಿಸಬೇಕು, ನೀರಿಗೆ ರೋಗಾಣುನಾಶಕ ಹಾಕಬೇಕು, ತಪಾಸಣೆ ಮಾಡಿಸಬೇಕು. ಲೀಜಿಯೊನೆಲ್ಲ ಪರೀಕ್ಷೆಗೆ ಗೊತ್ತಾದ ಅವಧಿ 90 ದಿನ.

90 ದಿನ ಸಾಕೇ? ಅದೇ ವರ್ಷ ಬ್ರಾಂಕ್ಸ್‌ನ ಮಾರಿಸ್ ಪಾರ್ಕ್‌ನಲ್ಲಿ ರೋಗ ಮತ್ತೆ ತಲೆಯೆತ್ತಿತು. ಅಲ್ಲಿ ರೋಗಾಣು ಸಿಕ್ಕಿದ ಟವರುಗಳನ್ನು ಎರಡು ತಿಂಗಳೊಳಗೇ ತೊಳೆದು ಶುದ್ಧಿ ಮಾಡಲಾಗಿತ್ತು. ಇದು ದೀಪಾವಳಿಗೊಮ್ಮೆ ಸುಣ್ಣ ಬಳಿದು ಬಿಡುವ ಗೋಡೆಯಲ್ಲ. ದಿನದಿನವೂ ನೋಡಬೇಕಾದ ನೀರು. ಅಷ್ಟು ಕಂಡರೂ ಅವಧಿ ಬದಲಾಗಲಿಲ್ಲ.

ಒಬ್ಬ ವ್ಯಾಪಾರಿ ಮಿತ್ರರು ಸಭೆಗೆ ಮೊದಲು ಕೇಳಿದರು: ಈ ಖರ್ಚೆಲ್ಲ ಸಣ್ಣವನ ತಲೆಗೆ ಬರುವುದಿಲ್ಲವೇ ಎಂದು. ನ್ಯಾಯವಾದ ಪ್ರಶ್ನೆ. ಕಿಟಕಿಗೆ ಹಾಕುವ ಸಣ್ಣ ಎ.ಸಿ.ಗೆ ಇಂಥ ಟವರ್ ಇರುವುದಿಲ್ಲ. ಅದು ಬಿಸಿಯನ್ನು ನೇರವಾಗಿ ಗಾಳಿಗೆ ಬಿಡುತ್ತದೆ. ಟವರ್ ಇಡುವವರು ದೊಡ್ಡ ಹೋಟೆಲು, ಆಸ್ಪತ್ರೆ, ಕಚೇರಿ, ಕಾರ್ಖಾನೆಯವರು. ತಿಂಗಳಿಗೊಂದು ಪರೀಕ್ಷೆಯ ಖರ್ಚು ಅವರಿಗೆ ಭಾರವೆಂದು ನಾನಂತೂ ನಂಬಲಾರೆ.

2025ರ ಬೇಸಗೆಯಲ್ಲಿ ಹಾರ್ಲೆಮ್‌ನಲ್ಲಿ 114 ಮಂದಿಗೆ ರೋಗ ತಗಲಿತು, ಏಳು ಮಂದಿ ಸತ್ತರು. ಆ ಮೇಲೆಯೇ ನಗರಸಭೆ 90 ದಿನವನ್ನು ಒಂದು ತಿಂಗಳಿಗೆ ಇಳಿಸಿದ್ದು. ಈ ಸಲ ರೋಗದ ಮೂಲ ಯಾವ ಧನಿಕನ ಹೋಟೆಲೂ ಅಲ್ಲ. ಒಂದು ಟವರ್ ಹಾರ್ಲೆಮ್ ಸಾರ್ವಜನಿಕ ಆಸ್ಪತ್ರೆಯದು; ಇನ್ನೊಂದು, ನಗರದ ಆರೋಗ್ಯ ಪ್ರಯೋಗಾಲಯಕ್ಕಾಗಿ ಕಟ್ಟುತ್ತಿದ್ದ ಕಟ್ಟಡದ ಸ್ಥಳದ್ದು.