ಬಾಗಿಲು ಹಾಕಿಕೊಂಡು ಆಡಿದ ಪಂದ್ಯ



ಅಮೆರಿಕದ ನಾರ್ತ್ ಕೆರೋಲಿನಾ ರಾಜ್ಯದಲ್ಲಿ ಡರ್ಹಮ್ ಮತ್ತು ಚಾಪೆಲ್ ಹಿಲ್ ಎಂಬ ಎರಡು ಊರುಗಳಿವೆ. ನಡುವಿನ ದೂರ ಸುಮಾರು 16 ಕಿಲೋಮೀಟರ್. ಡರ್ಹಮ್‌ನಲ್ಲಿರುವುದು ಡ್ಯೂಕ್ ವಿಶ್ವವಿದ್ಯಾನಿಲಯ, ಖಾಸಗಿಯವರದು. ಚಾಪೆಲ್ ಹಿಲ್‌ನಲ್ಲಿರುವುದು ನಾರ್ತ್ ಕೆರೋಲಿನಾ ವಿಶ್ವವಿದ್ಯಾನಿಲಯ, ಸರ್ಕಾರದ್ದು. ಬಾಸ್ಕೆಟ್‌ಬಾಲ್ ಆಟದಲ್ಲಿ ಇವೆರಡರ ಪೈಪೋಟಿ 1920ರಲ್ಲಿ ಆರಂಭವಾಯಿತು, ಇಂದಿಗೂ ತಣ್ಣಗಾಗಿಲ್ಲ. ಪಂದ್ಯ ನೋಡಲು ಜಾಗ ಸಿಗಲೆಂದು ಡ್ಯೂಕ್‌ನ ವಿದ್ಯಾರ್ಥಿಗಳು ಕ್ರೀಡಾಂಗಣದ ಹೊರಗೆ ಚಳಿಯಲ್ಲಿ ವಾರಗಟ್ಟಲೆ ಡೇರೆ ಹಾಕಿಕೊಂಡು ಕಾಯುತ್ತಾರೆ. 1974ರ ಮಾರ್ಚ್ 2ರ ಪಂದ್ಯದಲ್ಲಿ ಆಟ ಮುಗಿಯಲು ಕೇವಲ 17 ಸೆಕೆಂಡು ಉಳಿದಿದ್ದಾಗ ನಾರ್ತ್ ಕೆರೋಲಿನಾ 8 ಅಂಕ ಹಿಂದಿತ್ತು. ಒಂದೇ ಎಸೆತಕ್ಕೆ ಮೂರು ಅಂಕ ಕೊಡುವ ನಿಯಮ ಆಗ ಇರಲಿಲ್ಲ. ಆದರೂ ಆ 17 ಸೆಕೆಂಡುಗಳಲ್ಲಿ ಅವರು ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ 96–92ರಿಂದ ಗೆದ್ದರು.

ಇದು ಜಗತ್ತು ಕಣ್ಣಾರೆ ಕಾಣುವ ಪೈಪೋಟಿ. ಕ್ಯಾಮೆರಾ ಇಡಲು ಟಿ.ವಿ. ಸಂಸ್ಥೆಗಳು ಮುಗಿಬೀಳುತ್ತವೆ. ಆದರೆ ಇಂದು ನಾನು ಹೇಳಬೇಕೆಂದಿರುವುದು ಒಂದು ಕ್ಯಾಮೆರಾವೂ ಇಲ್ಲದ, ಪ್ರೇಕ್ಷಕರಿಗೆ ಪ್ರವೇಶವೇ ಇಲ್ಲದಿದ್ದ ಇನ್ನೊಂದು ಪಂದ್ಯದ ವಿಷಯ.

ಡ್ಯೂಕ್‌ಗೆ ಚಾಪೆಲ್ ಹಿಲ್‌ಗಿಂತಲೂ ಹತ್ತಿರದ ನೆರೆಯೊಂದಿತ್ತು. ಅದೇ ಡರ್ಹಮ್ ಊರಿನಲ್ಲಿ 1910ರಲ್ಲಿ ಸ್ಥಾಪನೆಯಾದ ವಿದ್ಯಾಸಂಸ್ಥೆ ಅದು. 1940ರ ದಶಕದಲ್ಲಿ ಅದರ ಹೆಸರು ‘ನಾರ್ತ್ ಕೆರೋಲಿನಾ ಕಾಲೇಜ್ ಫಾರ್ ನೀಗ್ರೋಸ್’ ಎಂದಿತ್ತು. ಇಂದು ಯಾರೂ ಬಳಸದ ಈ ಶಬ್ದ ಅಂದು ಫಲಕದ ಮೇಲೆಯೇ ಇತ್ತು. ಕಪ್ಪು ಜನಾಂಗದವರಿಗೂ ಬಿಳಿಯರಿಗೂ ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಬರಿಯ ರೂಢಿಯಲ್ಲ, ಕಾನೂನೇ ಆಗಿತ್ತು. ಡ್ಯೂಕ್‌ನ ತಂಡ 16 ಕಿಲೋಮೀಟರ್ ದಾಟಿ ಚಾಪೆಲ್ ಹಿಲ್‌ಗೆ ಹೋಗಿ ಆಡುತ್ತಿತ್ತು. ಊರೊಳಗೇ ಇದ್ದ ಈ ಕಾಲೇಜಿನ ಜೊತೆ ಮಾತ್ರ ಒಮ್ಮೆಯೂ ಆಡಿರಲಿಲ್ಲ.

ಈ ಕಾಲೇಜಿನ ತರಬೇತುದಾರ ಜಾನ್ ಮೆಕ್ಲೆಂಡನ್. ಇವರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಾಸ್ಕೆಟ್‌ಬಾಲನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಮುಂದೆ ಕಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೆಕ್ಲೆಂಡನ್ ಅವರು ಅಲ್ಲಿ ಅವರ ಶಿಷ್ಯರಾಗಿ ಕಲಿತು 1936ರಲ್ಲಿ ಪದವಿ ಪಡೆದರು. ಆದರೆ ಕಪ್ಪು ಜನಾಂಗದವರೆಂಬ ಕಾರಣಕ್ಕೆ ಅಲ್ಲಿನ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಲು ಅವಕಾಶವಿರಲಿಲ್ಲ. ಆಟವನ್ನು ಕಂಡುಹಿಡಿದವರೇ ಗುರು. ಆಡಲು ಮಾತ್ರ ಅಂಗಣವಿಲ್ಲ!

ಆ ಕಾಲದ ಬಾಸ್ಕೆಟ್‌ಬಾಲ್ ಸಾವಧಾನದ ಆಟ. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ, ಎದುರಾಳಿಯ ಗೋಡೆ ಬಿರುಕು ಬಿಡುವವರೆಗೆ ಕಾಯುತ್ತಿದ್ದರು. ಮೆಕ್ಲೆಂಡನ್ ಅವರ ತಂಡ ಕಾಯುತ್ತಿರಲಿಲ್ಲ. ಚೆಂಡು ಕೈಗೆ ಬಂದ ಕ್ಷಣವೇ, ಎದುರಾಳಿಗಳು ತಮ್ಮ ಜಾಗಕ್ಕೆ ಮರಳುವ ಮೊದಲೇ, ಅಂಗಣದ ಆ ತುದಿಗೆ ಓಟ. ಇದಕ್ಕೆ ವಿಪರೀತ ದಮ್ಮು ಬೇಕು. ಹಾಗಾಗಿ ಅವರು ಆಟಗಾರರನ್ನು ಬಹಳವಾಗಿ ಓಡಿಸಿ ಪಳಗಿಸುತ್ತಿದ್ದರು. 1943–44ರ ಋತುವಿನಲ್ಲಿ ಈ ತಂಡ ಸೋತದ್ದು ಒಂದೇ ಒಂದು ಪಂದ್ಯದಲ್ಲಿ. ಆದರೂ ರಾಷ್ಟ್ರಮಟ್ಟದ ದೊಡ್ಡ ಪಂದ್ಯಾವಳಿಗಳ ಬಾಗಿಲು ಅವರಿಗೆ ಮುಚ್ಚಿತ್ತು. ಹಾಗಾದರೆ ತಾವು ನಿಜವಾಗಿ ಎಷ್ಟು ಒಳ್ಳೆಯ ಆಟಗಾರರೆಂದು ಅವರಿಗೆ ತಿಳಿಯುವುದು ಹೇಗೆ? ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಅಳತೆಗೋಲಿಲ್ಲದೆ ಅಳೆಯಲಾಗದೆಂಬುದು ನಮಗೆ ಮೊದಲ ಪಾಠ. ಆಟಗಾರನಿಗೆ ಎದುರಾಳಿಯೇ ಅಳತೆಗೋಲು. ಅದನ್ನೇ ಕಾನೂನು ಅವರಿಂದ ಕಿತ್ತುಕೊಂಡಿತ್ತು.

ಅದೇ ಸಮಯದಲ್ಲಿ ಡ್ಯೂಕ್‌ನ ವೈದ್ಯಕೀಯ ಕಾಲೇಜಿನಲ್ಲೂ ಒಂದು ಬಲವಾದ ತಂಡವಿತ್ತು. ಅದು ಎರಡನೆಯ ಮಹಾಯುದ್ಧದ ಕಾಲ. ಸೈನ್ಯಕ್ಕೆ ವೈದ್ಯರು ಬೇಕಾಗಿದ್ದರಿಂದ, ಬೇರೆ ಬೇರೆ ಕಾಲೇಜುಗಳಲ್ಲಿ ಆಡಿ ಹೆಸರು ಮಾಡಿದ್ದ ಯುವಕರು ಅಲ್ಲಿ ಓದುತ್ತಿದ್ದರು. ಎರಡೂ ಸಂಸ್ಥೆಗಳ ಕೆಲವು ವಿದ್ಯಾರ್ಥಿಗಳು ವೈ.ಎಂ.ಸಿ.ಎ. ಮೂಲಕ ಗುಟ್ಟಾಗಿ ಸೇರಿ ಪ್ರಾರ್ಥನೆ, ಚರ್ಚೆ ನಡೆಸುತ್ತಿದ್ದರು. ಅಲ್ಲಿ ಮಾತಿಗೆ ಮಾತು ಬೆಳೆದು, ಯಾವ ತಂಡ ಮೇಲು ಎಂಬ ಪ್ರಶ್ನೆ ಎದ್ದಿತು. ಉತ್ತರ ಕಂಡುಕೊಳ್ಳಲು ಇದ್ದದ್ದು ಒಂದೇ ದಾರಿ.

1944ರ ಮಾರ್ಚ್ 12, ಭಾನುವಾರ. ಬೆಳಗಿನ ಹೊತ್ತನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಊರಿನ ಜನ, ಪೊಲೀಸರೂ ಸೇರಿದಂತೆ, ಬಹುಪಾಲು ಚರ್ಚಿನಲ್ಲಿರುತ್ತಾರೆ. ಡ್ಯೂಕ್‌ನ ಆಟಗಾರರು ಎರವಲು ಕಾರುಗಳಲ್ಲಿ ಸುತ್ತುಬಳಸಿನ ದಾರಿ ಹಿಡಿದು ಬಂದರು. ಕಾರಿನಿಂದಿಳಿದು, ಗುರುತು ಸಿಗದಂತೆ ಕೋಟನ್ನು ತಲೆಯ ಮೇಲೆಳೆದುಕೊಂಡು ಕಾಲೇಜಿನ ವ್ಯಾಯಾಮಶಾಲೆಯ ಒಳಹೊಕ್ಕರು. ಬಾಗಿಲಿಗೆ ಬೀಗ ಬಿತ್ತು. ಒಬ್ಬ ರೆಫರಿ ಇದ್ದರು, ಗಡಿಯಾರ ಇತ್ತು. ಎರಡೂ ಸಂಸ್ಥೆಗಳ ಆಡಳಿತಕ್ಕೆ ಇದರ ಸುಳಿವಿರಲಿಲ್ಲ. ಅನುಮಾನಗೊಂಡ ಕೆಲವು ವಿದ್ಯಾರ್ಥಿಗಳು ಮಾತ್ರ ಕಿಟಕಿಗಳಿಗೆ ಹತ್ತಿ ಇಣುಕಿದರಂತೆ.

ಇಷ್ಟೊಂದು ಗುಟ್ಟು ಯಾಕೆ ಎನ್ನಬಹುದು. ಅದೇ ವರ್ಷದ ಜುಲೈನಲ್ಲಿ, ಇದೇ ಊರಿನಲ್ಲಿ, ಬಸ್ಸಿನ ಆಸನದ ವಿಷಯಕ್ಕೆ ಮಾತು ಬೆಳೆದು, ಬುಕರ್ ಸ್ಪೈಸ್ಲಿ ಎಂಬ ಕಪ್ಪು ಜನಾಂಗದ ಸೈನಿಕನನ್ನು ಬಿಳಿಯ ಚಾಲಕ ಗುಂಡಿಟ್ಟು ಕೊಂದ. ಸೈನಿಕ ಸಮವಸ್ತ್ರದಲ್ಲಿದ್ದ. ನ್ಯಾಯಾಲಯ ಚಾಲಕನನ್ನು ಬಿಡುಗಡೆ ಮಾಡಿತು. ಮೆಕ್ಲೆಂಡನ್ ಮತ್ತು ಆ ಹುಡುಗರು ಒಡ್ಡಿಕೊಂಡ ಅಪಾಯ ಎಂಥದ್ದೆಂದು ಇದರಿಂದ ಊಹಿಸಬಹುದು.

ಆಟ ಶುರುವಾದಾಗ ಎರಡೂ ಕಡೆಯವರ ಕೈ ನಡುಗುತ್ತಿತ್ತು. ಪಾಸು ತಪ್ಪಿತು, ಸುಲಭದ ಎಸೆತಗಳು ಗುರಿ ತಪ್ಪಿದವು. ಬಿಳಿಯರ ಮೈಗೆ ಮೈ ತಾಗಿಸಿ ಆಡುವುದೇ ಆ ಹುಡುಗರಿಗೆ ಹೊಸತು. ಅತ್ತ ಕಡೆಯವರಿಗೂ ಅಷ್ಟೇ. ಕ್ರಮೇಣ ಹೆದರಿಕೆ ಇಳಿದು ಆಟ ಏರಿತು. ಮೆಕ್ಲೆಂಡನ್ ಕಲಿಸಿದ ಓಟ ಆರಂಭವಾದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಉಸಿರು ಸಾಲಲಿಲ್ಲ. ಕೊನೆಗೆ ಅಂಕ 88–44. ಸರಿಯಾಗಿ ಎರಡು ಪಟ್ಟು! ಲೆಕ್ಕ ಹಾಕಿ ನೋಡಿ: 40 ನಿಮಿಷದ ಆಟಕ್ಕೆ 88 ಅಂಕವೆಂದರೆ ನಿಮಿಷಕ್ಕೆ ಎರಡಕ್ಕಿಂತ ಹೆಚ್ಚು. ಆ ಕಾಲಕ್ಕೆ ಇದು ಅಸಾಧಾರಣ ವೇಗ.

ನನ್ನ ಮನಸ್ಸಿನಲ್ಲಿ ನಿಂತಿರುವುದು ಈ ಅಂಕಗಳಿಗಿಂತ ಅದರ ನಂತರ ನಡೆದದ್ದು. ಸೋತವರು ಹೊರಟುಬಿಡಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಎರಡನೆಯ ಆಟಕ್ಕಿಳಿದರು. ಈ ಬಾರಿ ಎರಡೂ ತಂಡಗಳಲ್ಲಿ ಕಪ್ಪು ಹುಡುಗರೂ ಬಿಳಿಯ ಹುಡುಗರೂ ಬೆರೆತಿದ್ದರು. ಗುರುತಿಗಾಗಿ ಒಂದು ತಂಡದವರು ಅಂಗಿ ತೆಗೆದರು, ಇನ್ನೊಂದು ತಂಡದವರು ತೊಟ್ಟುಕೊಂಡರು. ಆಟ ಮುಗಿದ ಮೇಲೆ ಎಲ್ಲರೂ ಕಾಲೇಜಿನ ಹಾಸ್ಟೆಲಿಗೆ ಹೋಗಿ ಹರಟೆಗೆ ಕುಳಿತರು.

ಈ ವಿಷಯ ಊರಿನ ಕಪ್ಪು ಜನಾಂಗದವರ ವಾರಪತ್ರಿಕೆ ‘ಕೆರೋಲಿನಾ ಟೈಮ್ಸ್’ನ ವರದಿಗಾರರೊಬ್ಬರ ಕಿವಿಗೆ ಬಿದ್ದಿತು. ಬರೆಯಬಾರದೆಂದು ಕೇಳಿಕೊಂಡಾಗ ಅವರು ಒಪ್ಪಿದರು. ಸುದ್ದಿಯ ವೃತ್ತಿಗೆ ಹತ್ತಿರದಲ್ಲಿರುವ ನಮ್ಮಂಥವರಿಗೆ ಇದರ ಕಷ್ಟ ಗೊತ್ತು: ಕೈಯಲ್ಲಿದ್ದ ಬಹುದೊಡ್ಡ ಸುದ್ದಿಯನ್ನು ಆತ ಬಿಟ್ಟುಕೊಟ್ಟರು. ಹೀಗಾಗಿ ಪಂದ್ಯ ದಾಖಲೆಗೇ ಬರಲಿಲ್ಲ. ಕ್ಯಾಮೆರಾಕ್ಕೆ ಸಿಗದ್ದು ನಡೆದೇ ಇಲ್ಲವೆಂದು ಭಾವಿಸುವ ಕೆಟ್ಟ ಅಭ್ಯಾಸ ನಮ್ಮ ಟಿ.ವಿ. ಜನರಿಗಿದೆ. ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರರು ಮುದುಕರಾಗಿದ್ದ ಆಟಗಾರರನ್ನು ಹುಡುಕಿ, ಅವರ ನೆನಪುಗಳನ್ನು ಕೇಳಿ, 1996ರಲ್ಲಿ ಬರೆದು ಪ್ರಕಟಿಸಿದರು. ಅಷ್ಟರಲ್ಲಿ 52 ವರ್ಷ ಕಳೆದಿತ್ತು.

ಡ್ಯೂಕ್ ತನ್ನ ಪದವಿ ತರಗತಿಗಳಿಗೆ ಕಪ್ಪು ಜನಾಂಗದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1963ರಲ್ಲಿ. ಆ ನೆರೆಯ ಕಾಲೇಜು 1969ರಲ್ಲಿ ನಾರ್ತ್ ಕೆರೋಲಿನಾ ಸೆಂಟ್ರಲ್ ವಿಶ್ವವಿದ್ಯಾನಿಲಯವಾಯಿತು. ಮೆಕ್ಲೆಂಡನ್ ಮುಂದೆ ಟೆನೆಸ್ಸಿಯ ಒಂದು ಕಾಲೇಜಿಗೆ ಹೋಗಿ, 1957, 58 ಮತ್ತು 59ರಲ್ಲಿ, ಕಪ್ಪು–ಬಿಳಿ ಭೇದವಿಲ್ಲದೆ ತಂಡಗಳು ಭಾಗವಹಿಸಿದ ರಾಷ್ಟ್ರೀಯ ಪಂದ್ಯಾವಳಿಯನ್ನು ಸತತ ಮೂರು ವರ್ಷ ಗೆದ್ದರು. ತಮ್ಮ ಗುರು ನೈಸ್ಮಿತ್ ಅವರ ಹೆಸರಿನ ಗೌರವ ಭವನಕ್ಕೆ ಅವರು ಎರಡು ಬಾರಿ ಆಯ್ಕೆಯಾದರು: 1979ರಲ್ಲಿ ಆಟಕ್ಕೆ ಸಲ್ಲಿಸಿದ ಸೇವೆಗಾಗಿ, 2016ರಲ್ಲಿ ತರಬೇತುದಾರರಾಗಿ. ಎರಡನೆಯದನ್ನು ನೋಡಲು ಅವರಿರಲಿಲ್ಲ, 1999ರಲ್ಲಿ ತೀರಿಕೊಂಡಿದ್ದರು.